ಡಿಸ್ಪ್ಲೇ ಬರವಲ್ದು

ಮಾರ್ಚ್ ಕೊನೆಯ ವಾರ, ಮೋಟೆಬೆನ್ನೂರು. ಹೆದ್ದಾರಿ ಬದಿಯಲ್ಲಿ ಒಂದು ಡಿಟಿಪಿ, ಝೆರಾಕ್ಸ್ ಅಂಗಡಿ. ಬ್ಯಾಡಗಿ ಪೇಟೆಯ ಕಡೆಗೆ ಮೆಣಸಿನಕಾಯಿ ಚೀಲದ ಗಾಡಿ ದಾಟಿದಾಗೆಲ್ಲ ಅಂಗಡಿಯೊಳಗೆ ಘಾಟು ಬರುತ್ತದೆ. ಅಂಗಡಿ ನಡೆಸುವ ಅಕ್ಕ ಬೆಳಗಿನಿಂದ ಕಪ್ಪು ಪರದೆಯ ಮುಂದೆ ಕುಳಿತಿದ್ದಾರೆ. ರಾಣೆಬೆನ್ನೂರಿನಿಂದ ಬಂದ ರಿಪೇರಿಯ ತಮ್ಮ ಈಗಷ್ಟೇ ಬೈಕ್ ನಿಲ್ಲಿಸಿ ಒಳಗೆ ಬಂದಿದ್ದಾನೆ.

ಅಕ್ಕ: ಬಾ ತಮ್ಮಾ. ಎಂಟಕ್ಕ ಅಂಗಡಿ ತಗದೀನಿ, ಇನ್ನೂ ಒಂದು ಹಾಳಿ ಹೊರಗ ಬಂದಿಲ್ಲ. ಡಿಸ್ಪ್ಲೇ ಬರವಲ್ದು. ಏಪ್ರಿಲ್ 1 ಬಂತು, ಮೈಲಾರ ಮಹಾದೇವಪ್ಪನವರ ಹುತಾತ್ಮ ದಿನ. ಅದರ ಪುಸ್ತಕ ಈ ಮಷಿನ್ನಿನ್ಯಾಗ ಐತಿ. ಮಾನಿಟರ್ ಹೋಗೇತಿ ಅನ್ನಸ್ತೈತಿ. ಹೊಸಾದು ತರಿಸಿಬಿಡ್ಲೇನು?

ತಮ್ಮ: ರೊಕ್ಕ ಒಳಗ ಇಡ್ರಿ ಅಕ್ಕಾರ. ಮೊದಲ ಒಂದು ಮಾತು ಹೇಳ್ರಿ. ಪರದೆ ಪೂರಾ ಕತ್ತಲೋ, ಏನರ ಅಕ್ಷರ ಬಂದು ಹೋಗ್ತಾವೋ?

ಅಕ್ಕ: 'ನೋ ಸಿಗ್ನಲ್' ಅಂತ ಒಂದು ಪಟ್ಟಿ ಬರ್ತೈತಿ. ಆಮ್ಯಾಲ ಕೆಳಗಿನ ದೀಪ ಹಳದಿ ಆಗಿ ಮಲಗಿಬಿಡ್ತೈತಿ.

ತಮ್ಮ: ಹಂಗಾದ್ರ ಮಾನಿಟರ್‌ಗೆ ಜೀವ ಐತಿ. ಆ ಪಟ್ಟಿ ಮೂಡಬೇಕಂದ್ರ ಅದರ ಕರೆಂಟ್ ಸರಿ ಇರಬೇಕು, ಹಿಂದಿನ ಬೆಳಕು ಸರಿ ಇರಬೇಕು, ಪರದೆ ಸರಿ ಇರಬೇಕು. ನನಗ ಯಾರೂ ಏನೂ ಕಳಿಸವಲ್ರು ಅಂತ ಅದು ಬಾಯಿಬಿಟ್ಟು ಹೇಳಾಕತ್ತೈತಿ. ತಪ್ಪು ಕಳಿಸೋ ಕಡೆ ಐತಿ, ಇಲ್ಲಾ ನಡುವಿನ ದಾರ್ಯಾಗ ಐತಿ.

ಅಕ್ಕ: ಖರೇನ ಮಾನಿಟರ್ ಹೋಗಿದ್ರ ನನಗ ಹೆಂಗ ಗೊತ್ತಾಗಬೇಕು?

ತಮ್ಮ: ಚಿತ್ರದ ಕೇಬಲ್ ಬಿಚ್ಚಿಬಿಡ್ರಿ, ಬರೇ ಕರೆಂಟ್ ಕೊಟ್ಟು ಚಾಲೂ ಮಾಡ್ರಿ. ಸರಿ ಇರೋ ಮಾನಿಟರ್ ಒಂಟಿ ಇದ್ದಾಗ್ಲೂ 'ಕೇಬಲ್ ನೋಡು' ಅಂತಾನೋ 'ಸಿಗ್ನಲ್ ಇಲ್ಲ' ಅಂತಾನೋ ಏನರ ತೋರಸ್ತೈತಿ. ದೀಪಾನ ಹತ್ತಲಿಲ್ಲ ಅಂದ್ರ ಪವರ್ ವಯರ್, ಅಡಾಪ್ಟರ್, ಪ್ಲಗ್ ನೋಡಬೇಕು. ದೀಪ ಹತ್ತೇತಿ, ಕಂಪ್ಯೂಟರ್ ಚಾಲೂ ಆದ ಸಪ್ಪಳಾನೂ ಬಂತು, ಪರದೆ ಮಾತ್ರ ಕಪ್ಪು ಅಂದ್ರ, ಬಾಗಿಲಾ ಮುಚ್ಚಿ ಪರದೆ ಮ್ಯಾಲ ಬ್ಯಾಟರಿ ಓರೆ ಹಿಡೀರಿ. ಮಸುಕು ಮಸುಕಾಗಿ ಚಿತ್ರ ಕಂಡ್ರ ಹೋಗಿದ್ದು ಹಿಂದಿನ ಬೆಳಕು. ಆದ್ರ ನೀವ ಅದನ್ನ ಬಿಚ್ಚಬ್ಯಾಡ್ರಿ. ಪ್ಲಗ್ ಕಿತ್ತ ಮ್ಯಾಲೂ ಒಳಗಿನ ಪವರ್ ಬೋರ್ಡಿನ ಕೆಪಾಸಿಟರ್‌ಗಳು ಕರೆಂಟ್ ಹಿಡಕೊಂಡಿರ್ತಾವ. ಸಿಪಿಯು ಒಳಗಿನ ಪವರ್ ಸಪ್ಲೈ ಡಬ್ಬಿಗೂ ಇದ ಮಾತು.

ಅಕ್ಕ: ಆತು, ಮಾನಿಟರ್ ಬಿಡೋಣ. ಕೇಬಲ್ ನಾ ಹತ್ತು ಸಲ ಕಿತ್ತು ಹಾಕೀನಿ.

ತಮ್ಮ: ಯಾವ ತೂತಿನ್ಯಾಗ ಹಾಕೀರಿ ಅನ್ನೋದು ನೋಡಬೇಕು. ಸಿಪಿಯು ತಿರುಗಸ್ತೀನಿ, ನೀವ ತೋರಸ್ರಿ. ನಿಮ್ಮ ಮಷಿನ್ನಿಗೆ ಎರಡು ಕಡೆ ಎಚ್‌ಡಿಎಂಐ ಅದಾವ. ಮ್ಯಾಲ ಯುಎಸ್‌ಬಿ, ಸ್ಪೀಕರ್ ಜೋಡಿ ಇರೋದು ಬೋರ್ಡಿಂದು. ಕೆಳಗ ಅಡ್ಡ ಸಾಲಿನ್ಯಾಗ ಇರೋದು ಗ್ರಾಫಿಕ್ಸ್ ಕಾರ್ಡಿಂದು. ಹೋದ ತಿಂಗಳು ಬ್ಯಾನರ್ ಕೆಲಸಕ್ಕಂತ ಕಾರ್ಡ್ ಹಾಕಿಸಿದ್ರಲ್ಲ, ಅವತ್ತಿನಿಂದ ಕೇಬಲ್ ಕೆಳಗಿನ ಸಾಲಿನ್ಯಾಗ ಇರಬೇಕು.

ಅಕ್ಕ: ಕೆಳಗ ಐತಿ ನೋಡು. ಆದ್ರ ಮ್ಯಾಲಿಂದು ಯಾಕ ನಡೆಯಂಗಿಲ್ಲ? ಅದೂ ಎಚ್‌ಡಿಎಂಐನ ಅಲ್ಲೇನು?

ತಮ್ಮ: ತೂತು ಇದ್ರ ಸಾಲದು, ಅದರ ಹಿಂದ ಚಿತ್ರ ಬಿಡಿಸೋರು ಒಬ್ರು ಇರಬೇಕು. ಬೋರ್ಡಿನ ತೂತಿಗೆ ಚಿತ್ರ ಬರೋದು ಪ್ರೊಸೆಸರ್ ಒಳಗಿಂದ. ಇಂಟೆಲ್ ಪ್ರೊಸೆಸರ್ ಹೆಸರಿನ ಕಡೀಕ 'ಎಫ್' ಅಕ್ಷರ ಇದ್ರ ಅದರೊಳಗ ಗ್ರಾಫಿಕ್ಸ್ ಬಂದ್ ಇರ್ತೈತಿ. ರೈಜನ್ 5600ಕ್ಕೂ ಗ್ರಾಫಿಕ್ಸ್ ಇಲ್ಲ, 5600ಜಿಗೆ ಐತಿ. ಒಂದು ಅಕ್ಷರದ ಫರಕು ನೋಡ್ರಿ. ಗ್ರಾಫಿಕ್ಸ್ ಇರೋ ಪ್ರೊಸೆಸರ್ ಆದ್ರೂ, ಕಾರ್ಡ್ ಕೂತ ಮ್ಯಾಲ ಭಾಳ ಬೋರ್ಡುಗಳು ತಮ್ಮ ತೂತು ತಾವ ಬಂದ್ ಮಾಡ್ಕೋತಾವ. ಬಿಡಿಭಾಗ ತಂದು ಜೋಡಿಸಿದ ಮಷಿನ್ನಿನ್ಯಾಗ ನಾ ನೋಡಿದ ಕಪ್ಪು ಪರದೆಗಳಾಗ ಭಾಳ ಪಾಲು ಇದ ಇರ್ತೈತಿ.

ಅಕ್ಕ: ನಂದು ಅದಲ್ಲ ಅಂತಾತು. ಮುಂದ?

ತಮ್ಮ: ಮುಂದ ಮಾನಿಟರಿನ ಗುಂಡಿ ಒತ್ತಿ, ಅದು ಎಚ್‌ಡಿಎಂಐ ಕಡೆ ನೋಡಾಕತ್ತೈತೋ, ವಿಜಿಎ ಕಡೆ ನೋಡಾಕತ್ತೈತೋ ಅನ್ನೋದು. ಸರಿ ಐತಿ. ಕೇಬಲ್ ಬದಲು ಮಾಡೀನಿ, ಆದ್ರೂ ಇಲ್ಲ. ಈಗ ನೀವ ನೆನಪು ಮಾಡ್ಕೋಬೇಕು. ನಿನ್ನಿ ಸಂಜೀಕ ಬಂದ್ ಮಾಡಿದಾಗ ನಡೀತಿತ್ತು, ಇವತ್ತು ಮುಂಜಾನಿ ನಡೀಲಿಲ್ಲ. ನಡುವ ಏನಾತು?

ಅಕ್ಕ: ಏನೂ ಇಲ್ಲ. ಕೀಲಿ ಹಾಕ್ಕೊಂಡು ಹೋದೆ, ಬಂದೆ, ಕಸ ಹೊಡದೆ. ಹಾಂ, ಮೂಲಿ ಒಳಗ ಕಸ ಬಿದ್ದಿತ್ತಂತ ಸಿಪಿಯು ಎತ್ತಿ ಈ ಕಡೆ ಇಟ್ಟೆ. ಕೈ ಜಾರಿ ಸ್ವಲ್ಪ ದಪ್ಪಂತ ಕುಂತಿತು.

ತಮ್ಮ: ಇದಕ್ಕ ಕೇಳಿದ್ದು ಅಕ್ಕಾರ. ಏನೂ ಆಗಿಲ್ಲ ಅನ್ನೋರ ಮಾತಿನ್ಯಾಗ ಅರ್ಧ ತಾಸಿನ ಹುಡುಕಾಟ ಅಡಗಿರ್ತೈತಿ. ಪ್ಲಗ್ ಕೀಳ್ತೀನಿ, ಚಾಲೂ ಗುಂಡಿ ಒಂದು ಸಲ ಒತ್ತಿ ಉಳಿದ ಕರೆಂಟ್ ಇಳಸ್ತೀನಿ, ಬಾಜೂ ತಗಡು ತಗೀತೀನಿ. ಈಗ ಮತ್ತ ಪ್ಲಗ್ ಹಾಕಿ ಚಾಲೂ ಮಾಡಿದೆ. ಬೋರ್ಡಿನ ಅಂಚಿಗೆ ನೋಡ್ರಿ, ಸಾಸಿವಿ ಕಾಳಿನಷ್ಟು ನಾಲ್ಕು ದೀಪ. ಒಂದಕ್ಕ ಸಿಪಿಯು, ಒಂದಕ್ಕ ಡಿರ್ಯಾಮ್, ಒಂದಕ್ಕ ವಿಜಿಎ, ಒಂದಕ್ಕ ಬೂಟ್ ಅಂತ ಬರದಾರ. ಯಾವುದು ಹತ್ತಿ ನಿಂತೈತಿ?

ಅಕ್ಕ: ಡಿರ್ಯಾಮ್. ಹಳದಿ ಹತ್ತಿದ್ದು ಆರವಲ್ದು.

ತಮ್ಮ: ಚಾಲೂ ಆದ ಕೂಡಲೇ ಬೋರ್ಡು ಒಬ್ಬೊಬ್ಬರ ಹಾಜರಿ ತಗೋತೈತಿ. ಪ್ರೊಸೆಸರ್ ಬಂದೀಯಾ, ರ್ಯಾಮ್ ಬಂದೀಯಾ, ಕಾರ್ಡ್ ಬಂದೀಯಾ ಅಂತ. ರ್ಯಾಮ್ ಉತ್ತರ ಕೊಡಲಿಲ್ಲ ಅಂದ್ರ ಅಲ್ಲೇ ನಿಂತುಬಿಡ್ತೈತಿ, ಕಾರ್ಡಿನ ಸರದಿ ಬರಂಗ ಇಲ್ಲ. ಕಾರ್ಡು ಚಿತ್ರ ಬಿಡಿಸಂಗಿಲ್ಲ, ಮಾನಿಟರ್ 'ನೋ ಸಿಗ್ನಲ್' ಅಂತೈತಿ. ರೋಗ ರ್ಯಾಮಿನ್ಯಾಗ, ಲಕ್ಷಣ ಮಾನಿಟರಿನ್ಯಾಗ. ಈ ದೀಪ ಇಲ್ಲದ ಬೋರ್ಡಿನ್ಯಾಗ ಸಣ್ಣ ಸ್ಪೀಕರ್ ಬೀಪ್ ಬೀಪ್ ಅಂತಿರ್ತೈತಿ, ಎಷ್ಟು ಸಲ ಅನ್ನೋದು ಎಣಿಸಿ ಬೋರ್ಡಿನ ಪುಸ್ತಕದಾಗ ನೋಡಬೇಕು.

ಅಕ್ಕ: ಹೊಸ ರ್ಯಾಮ್ ಹಾಕಬೇಕೇನು?

ತಮ್ಮ: ಇನ್ನೂ ಹಾಕೋದು ಬ್ಯಾಡ. ಪ್ಲಗ್ ಕಿತ್ತೆ. ಮೊದಲ ಕ್ಯಾಬಿನೆಟ್ಟಿನ ಬರೇ ಕಬ್ಬಿಣ ಮುಟ್ಟೀನಿ, ಮೈಯಾಗಿನ ಸ್ಥಾಯಿ ವಿದ್ಯುತ್ತು ಇಳೀಲಿ ಅಂತ. ಎರಡೂ ಬದಿ ಚಿಮಟಿ ಬಿಚ್ಚಿದೆ. ಈ ಕಡ್ಡಿ ನೋಡ್ರಿ, ಒಂದು ತುದಿ ಕೂದಲಷ್ಟು ಮ್ಯಾಲ ಎದ್ದಿತ್ತು. ಮತ್ತ ಈ ಬಂಗಾರದ ಬಣ್ಣದ ಹಲ್ಲು ನೋಡ್ರಿ.

ಅಕ್ಕ: ಕೆಂಪ ಐತಲ್ಲೋ! ಮೆಣಸಿನಕಾಯಿ ಪುಡಿ ಇದು. ಮೂಗಿಗೆ ಹತ್ತೇತಿ ನೋಡು.

ತಮ್ಮ: ಜನವರಿಯಿಂದ ಈ ರಸ್ತೆದಾಗ ಹಾರಿದ್ದೆಲ್ಲ ಫ್ಯಾನ್ ಒಳಗ ಎಳಕೊಂಡೈತಿ. ಬೇರೆ ಊರಾಗ ಬರೇ ಮಣ್ಣು ಸಿಗ್ತೈತಿ, ಊದಿದ್ರ ಹೋಗ್ತೈತಿ. ಇದಕ್ಕ ಎಣ್ಣಿ ಅಂಶ ಐತಿ, ಅಂಟಿ ಕುಂದರ್ತೈತಿ. ಹಲ್ಲಿನ ನಡುವ ಪೊರೆಯಂಗ ಕುಂತಾಗ, ನೀವು ಎತ್ತಿ ಇಟ್ಟ ಹೊಡತಕ್ಕ ಕಡ್ಡಿ ಅಲುಗಿದ್ದ ಸಾಕಾತು, ಸಂಪರ್ಕ ತಪ್ಪಿತು. ಐಸೊಪ್ರೊಪೈಲ್ ಆಲ್ಕೋಹಾಲಿನ್ಯಾಗ ನೂಲು ಬಿಡದ ಅರಿವಿ ಅದ್ದಿ ಒರಸ್ತೀನಿ. ಕೆಲವರು ರಬ್ಬರ್ ಹಚ್ಚಿ ತಿಕ್ಕತಾರ. ಅದರ ಪುಡಿ ಸ್ಲಾಟ್ ಒಳಗ ಬಿದ್ರ ಮತ್ತೊಂದು ತಾಪತ್ರಯ. ಒಣಗೋತನಕ ಸ್ಲಾಟಿಗೆ ಬ್ಲೋವರ್ ಹಿಡೀತೀನಿ. ಫ್ಯಾನ್ ರೆಕ್ಕಿ ನೀವ ಬೆರಳಿಂದ ಹಿಡಕೋರಿ, ಗಾಳಿಗೆ ಅದು ಸುತ್ತಬಾರದು.

ಅಕ್ಕ: ಹಿಡದೀನಿ. ಎರಡು ಕಡ್ಡೀನೂ ಹಾಕ್ತೀಯೇನು?

ತಮ್ಮ: ಮೊದಲ ಒಂದ. ಪ್ರೊಸೆಸರಿನಿಂದ ಎರಡನೇ ಸ್ಲಾಟಿಗೆ ಹಾಕಿ ಒತ್ತಿದೆ. 'ಟಕ್' ಅಂದ ಸಪ್ಪಳ ಕೇಳಿತಲ್ಲ? ಚಾಲೂ ಮಾಡ್ರಿ.

ಅಕ್ಕ: ದೀಪ ಆರಿತು. ಬಂತು, ಬಂತು! ಲೋಗೊ ಬಂತು.

ತಮ್ಮ: ಮತ್ತ ಬಂದ್ ಮಾಡಿ, ಪ್ಲಗ್ ಕಿತ್ತು, ಎರಡನೇದು ನಾಲ್ಕನೇ ಸ್ಲಾಟಿಗೆ. ಒಂದು ಸಲಕ್ಕ ಒಂದ ಬದಲು ಮಾಡಬೇಕು ಅಕ್ಕಾರ. ಕೇಬಲ್, ರ್ಯಾಮ್, ಕಾರ್ಡ್ ಎಲ್ಲಾ ಒಮ್ಮೆಲೆ ಬದಲು ಮಾಡಿದ್ರ ಡಿಸ್ಪ್ಲೇ ಬರಬಹುದು, ಆದ್ರ ಯಾವುದರಿಂದ ಬಂತು ಅಂತ ಗೊತ್ತಾಗಂಗಿಲ್ಲ. ನಾಳಿ ಮತ್ತ ಹೋದ್ರ ಮೊದಲಿಂದ ಹುಡುಕಬೇಕು.

ಅಕ್ಕ: ನಮ್ಮ ಬ್ಯಾಡಗಿ ಪೇಟ್ಯಾಗ ಖರೀದಿ ಮಾಡೋರು ಹಿಂಗ ನೋಡ್ತಾರ. ಚೀಲಕ್ಕ ಕೈ ಹಾಕಿ ಮೊದಲ ಬಣ್ಣ ನೋಡ್ತಾರ, ಆಮ್ಯಾಲ ಹಿಚುಕಿ ಎಷ್ಟು ಒಣಗೇತಿ ನೋಡ್ತಾರ, ಮುರದು ಬೀಜ ನೋಡ್ತಾರ. ಎಲ್ಲಾ ಒಮ್ಮೆಲೆ ನೋಡಿದವಗ ಯಾವುದೂ ಕಾಣಂಗಿಲ್ಲ ಅಂತಿದ್ರು ನಮ್ಮಪ್ಪ. ಅಲ್ಲ ತಮ್ಮಾ, ರ್ಯಾಮ್ ಒರಸಿದ್ರೂ ಬರದಿದ್ರ?

ತಮ್ಮ: ವಿಜಿಎ ದೀಪ ಹತ್ತಿದ್ರ ಕಾರ್ಡ್ ಬಿಚ್ಚಿ ಮತ್ತ ಕುಂದ್ರಸಬೇಕು, ಅದರ ತಲಿಗೆ ಪವರ್ ಸಪ್ಲೈಯಿಂದ ಬರೋ ಆರು ಇಲ್ಲಾ ಎಂಟು ಪಿನ್ನಿನ ವಯರ್ ಹಾಕ್ಯಾರೋ ಇಲ್ಲೋ ನೋಡಬೇಕು. ಯಾವ ದೀಪಾನೂ ಸುಳಿವು ಕೊಡಲಿಲ್ಲ ಅಂದ್ರ ಬೋರ್ಡಿನ ನಾಣ್ಯದಂಥಾ ಬ್ಯಾಟರಿ, ಸಿಆರ್2032, ಪ್ಲಗ್ ಕಿತ್ತು ಒಂದೈದು ನಿಮಿಷ ತಗದಿಡಬೇಕು. ಬೋರ್ಡಿನ ಸೆಟ್ಟಿಂಗ್ ಮೊದಲಿನಂಗ ಆಗ್ತಾವ. ಹೊಸ ಡಿಡಿಆರ್5 ರ್ಯಾಮ್ ಹಾಕಿದ ಮಷಿನ್ ಮೊದಲ ಸಲ ಚಾಲೂ ಮಾಡಿದಾಗ ಕೆಲವು ನಿಮಿಷ ಕಪ್ಪಾಗೇ ಇರ್ತೈತಿ. ರ್ಯಾಮಿಗೆ ಹೊಂದಿಕೊಳ್ಳೋ ಹೊತ್ತು ಅದು. ಗಾಬರಿ ಬಿದ್ದು ನಡುವ ಬಂದ್ ಮಾಡಿದ್ರ ಮತ್ತ ಮೊದಲಿಂದ ಸುರು. ಸಾಮಾನು ಸುಟ್ಟೈತಂತ ವಾಪಸ್ ಕೊಟ್ಟು ಬಂದವರೂ ಅದಾರ.

ಅಕ್ಕ: ಲೋಗೊ ಬಂದು ಆಮ್ಯಾಲ ಕಪ್ಪಾದ್ರ?

ತಮ್ಮ: ಆ ಗೆರಿ ನೆನಪಿಡ್ರಿ. ಲೋಗೊ ಕಾಣೋಕಿಂತ ಮೊದಲ ಕಪ್ಪಾದ್ರ ಸ್ಕ್ರೂಡ್ರೈವರ್ ಹಿಡೀರಿ. ಲೋಗೊ ಕಂಡ ಮ್ಯಾಲ ಕಪ್ಪಾದ್ರ ಕೀಬೋರ್ಡ್ ಹಿಡೀರಿ. ವಿಂಡೋಸ್ ಗುಂಡಿ ಜೋಡಿ ಪಿ ಒತ್ತಿದ್ರ ಯಾವ ಪರದೆಗೆ ಕಳಿಸಬೇಕು ಅಂತ ಕೇಳ್ತೈತಿ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಕೂಡಿ ಒತ್ತಿದ್ರ ಗ್ರಾಫಿಕ್ಸ್ ಡ್ರೈವರ್ ಒಂದು ಸಲ ಎದ್ದು ಕುಂದರ್ತೈತಿ. ಅದಕ್ಕೂ ಬಗ್ಗಲಿಲ್ಲ ಅಂದ್ರ ಸೇಫ್ ಮೋಡಿಗೆ ಹೋಗಿ ಡ್ರೈವರ್ ತಗದು ಹೊಸಾದು ಹಾಕಬೇಕು.

ಅಕ್ಕ: ನೀ ಬಂದೀಯಂತ ಇನ್ನೊಂದು ಹೇಳ್ತೀನಿ. ಬಾಜೂ ಹಳೇ ಮಾನಿಟರ್ ಐತಲ್ಲ, ಅದಕ್ಕ ವಿಜಿಎ ತೂತು ಒಂದ. ಕಾರ್ಡಿಗೆ ವಿಜಿಎ ಇಲ್ಲ. ಒಂದು ಕನ್ವರ್ಟರ್ ತಂದೆ, ಅದು ನಡೀಲೇ ಇಲ್ಲ.

ತಮ್ಮ: ಇದು ವಿಜಿಎಯಿಂದ ಎಚ್‌ಡಿಎಂಐ ಮಾಡೋದು, ನಿಮಗ ಬೇಕಾದ್ದು ಎಚ್‌ಡಿಎಂಐಯಿಂದ ವಿಜಿಎ. ನೋಡಾಕ ಎರಡೂ ಒಂದ ಥರಾ, ದಿಕ್ಕು ಬ್ಯಾರೆ. ವಿಜಿಎ 1987ರಾಗ ಬಂದದ್ದು, ಚಿತ್ರಾನ ಏರಿಳಿಯೋ ವೋಲ್ಟೇಜಿನ್ಯಾಗ ಕಳಸ್ತೈತಿ. ಎಚ್‌ಡಿಎಂಐ 2002ರ ಮಾತು, ಬರೇ ಅಂಕಿ ಕಳಸ್ತೈತಿ. ನಡುವ ಅನುವಾದ ಮಾಡೋ ಚಿಪ್ ಬೇಕ ಬೇಕು, ಆ ಚಿಪ್ ಒಂದ ದಿಕ್ಕಿಗೆ ಅನುವಾದ ಮಾಡ್ತೈತಿ. ನನ್ನ ಚೀಲದಾಗ ಒಂದೈತಿ, ಹಾಕ್ತೀನಿ.

ಅಕ್ಕ: ಬಂತು. ಈಗ ಎರಡೂ ಪರದೆ ಬಾಜೂಕ ಬಾಜೂಕ ಅದಾವ, ನನ್ನ ದೊಡ್ಡ ಚಿಂತಿ ನೋಡು. ಇದು ಒಬ್ಬ ಗಿರಾಕಿಯ ಖಾರದಪುಡಿ ಪಾಕೀಟಿನ ಲೇಬಲ್. ಒಂದ ಫೈಲು. ಹಳೇ ಪರದ್ಯಾಗ ಕೆಂಪು ಗಟ್ಟಿ ಐತಿ, ಹೊಸಾದರಾಗ ತೊಳದಂಗ ಕಾಣ್ತೈತಿ. ಹೊಸ ಪರದೆ ನಂಬಿ ಹೋದ ವಾರ ಕೆಂಪು ಜಾಸ್ತಿ ಮಾಡಿ ಕೊಟ್ಟೆ, ಪ್ರೆಸ್ಸಿಂದ ಕಂದು ಬಣ್ಣ ಆಗಿ ಬಂತು. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಗುರುತು ಸಿಕ್ಕೈತಿ. ಖಾರಕ್ಕಲ್ಲ, ಬಣ್ಣಕ್ಕ ಹೆಸರಾದದ್ದು ಅದು. ಡಬ್ಬಿ, ಕಡ್ಡಿ ಎರಡರ ಕೆಂಪಿಗೂ ಫರಕು ಹೇಳೋ ಮಂದಿ ನಡುವ ಕುಂತು ನಾ ತಪ್ಪು ಕೆಂಪು ಕೊಡೋದು ಹೆಂಗ?

ತಮ್ಮ: ಇದು ಮಾನಿಟರಿನ ಖರೆ ಕೆಲಸ ಅಕ್ಕಾರ, ಸಾವಕಾಶ ನೋಡೋಣ. ಪೂರಾ ಕಪ್ಪು ಪುಟ ಒಂದು ತಗೀರಿ. ಹೊಸಾದರಾಗ ಕಪ್ಪು ಹೆಂಗ ಕಾಣ್ತೈತಿ?

ಅಕ್ಕ: ಬೂದಿ ಬಣ್ಣ. ಹಳೇದರಾಗ ಕಪ್ಪಗ ಐತಿ.

ತಮ್ಮ: ಸಿಕ್ಕಿತು. ಕಂಪ್ಯೂಟರ್ ಪ್ರತಿ ಬಣ್ಣಾನ 0ಯಿಂದ 255ರ ತನಕ ಎಣಸ್ತೈತಿ. ಟಿವಿ ಮಂದಿ ಮೊದಲಿಂದ 16ರಿಂದ 235ರ ತನಕ ಎಣಸ್ಕೋತ ಬಂದಾರ. ಎಚ್‌ಡಿಎಂಐ ಹಾಕಿದಾಗ ಒಮ್ಮೊಮ್ಮೆ ಕಾರ್ಡು ಮಾನಿಟರನ್ನ ಟಿವಿ ಅಂತ ತಿಳಕೊಂಡು ಕಪ್ಪಿಗೆ 16 ಅಂತ ಕಳಸ್ತೈತಿ. ಮಾನಿಟರ್‌ಗೆ ಕಪ್ಪು ಅಂದ್ರ 0, 16 ಅಂದ್ರ ಬೂದಿ. ಹಂಗಾಗಿ ಕಪ್ಪು ಬೂದಿ ಆತು, ಬಿಳಿ ಮಂಕಾತು, ನಡುವಿನ ಕೆಂಪು ಸಪ್ಪಗಾತು. ಕಾರ್ಡಿನ ಸೆಟ್ಟಿಂಗಿನ್ಯಾಗ ಡಿಸ್ಪ್ಲೇ ತಗದು 'ಔಟ್‌ಪುಟ್ ಡೈನಾಮಿಕ್ ರೇಂಜ್' ಅನ್ನೋದರ ಮುಂದ 'ಲಿಮಿಟೆಡ್' ಇದ್ದದ್ದು 'ಫುಲ್' ಮಾಡ್ತೀನಿ. ಈಗ ನೋಡ್ರಿ.

ಅಕ್ಕ: ಅಯ್ಯ, ಪರದೆ ಮ್ಯಾಲಿನ ಧೂಳು ಒರಸಿದಂಗಾತು! ನಾ ಮಾನಿಟರ್‌ದ ಗುಣಾನ ಹಿಂಗ ಅಂತ ಬಿಟ್ಟಿದ್ದೆ.

ತಮ್ಮ: ಈಗ ಮಾನಿಟರಿನ ಸ್ವಂತ ಮೆನುವಿನ್ಯಾಗ 'ಎಸ್‌ಆರ್‌ಜಿಬಿ' ಅಂತ ಇರೋದು ಆರಸ್ತೀನಿ. ಗೇಮ್, ಸಿನಿಮಾ ಅಂತ ಇರೋವು ಬಣ್ಣ ಉಬ್ಬಿಸಿ ತೋರಸ್ತಾವ. ಆದ್ರ ಒಂದು ಮಾತು. ಪರದೆ ಬೆಳಕಿನಿಂದ ಬಣ್ಣ ಮಾಡ್ತೈತಿ, ಪ್ರೆಸ್ಸು ನಾಲ್ಕು ಶಾಯಿಯಿಂದ ಮಾಡ್ತೈತಿ. ಎಷ್ಟ ಸರಿ ಮಾಡಿದ್ರೂ ಎರಡೂ ಪೂರಾ ಒಂದಾಗಂಗಿಲ್ಲ. ಗಿರಾಕಿಗೆ ಒಂದು ಹಾಳಿ ಪ್ರೂಫ್ ತಗದು, ಅವರ ಮೆಣಸಿನಕಾಯಿ ಜೋಡಿ ಬಿಸಿಲಿಗೆ ಹಿಡದು ತೋರಸ್ರಿ.

ಅಕ್ಕ: ಹಂಗ ಮಾಡ್ತೀನಿ. ಕಡೇದು ಒಂದು ಐತಿ, ಹೇಳಾಕ ಸಂಕೋಚ. ಮಧ್ಯಾಹ್ನದಾಗ ನಾ ಕುರ್ಚಿಯಿಂದ ಎದ್ದ ಕೂಡ್ಲೇ ಪರದೆ ಎರಡು ಸೆಕೆಂಡ್ ಕಪ್ಪಾಗಿ ಮತ್ತ ಬರ್ತೈತಿ. ಮಗಳಿಗೆ ಹೇಳಿದ್ರ ಅವ್ವ, ನಿನ್ನ ಭ್ರಮೆ ಅಂತಾಳ.

ತಮ್ಮ: ಭ್ರಮೆ ಅಲ್ಲ. ಕುಂದ್ರಿ. ಈಗ ಒಮ್ಮೆಲೆ ಏಳ್ರಿ. ಇನ್ನೊಮ್ಮೆ.

ಅಕ್ಕ: ನೋಡು, ಹೋತು! ಬಂತು.

ತಮ್ಮ: ಮ್ಯಾಲ ಕೆಳಗ ಆಗೋ ಗ್ಯಾಸಿನ ಕುರ್ಚಿ ಇದು. ಒಣ ಹವಾದಾಗ ನೀವು ಎದ್ದಾಗ ಅರಿವಿ, ಕುರ್ಚಿ ತಿಕ್ಕಿ ಸ್ಥಾಯಿ ವಿದ್ಯುತ್ತು ಹುಟ್ಟತೈತಿ, ಕುರ್ಚಿಯ ಕಬ್ಬಿಣದಾಗ ಕಿಡಿ ಸಿಡೀತೈತಿ. ಕಣ್ಣಿಗೆ ಕಾಣಂಗಿಲ್ಲ, ಆದ್ರ ಆ ಕ್ಷಣಕ್ಕ ಒಂದು ರೇಡಿಯೋ ಅಲಿ ಎದ್ದು ಬರ್ತೈತಿ. ತೆಳ್ಳನ ಕೇಬಲ್ ಅದನ್ನ ಹಿಡಕೋತೈತಿ, ಮಾನಿಟರ್ ಲೆಕ್ಕ ತಪ್ಪಿ ಮತ್ತ ಹೊಂದಿಸ್ಕೊಳ್ಳಾಕ ಎರಡು ಸೆಕೆಂಡ್ ತಗೋತೈತಿ. ಬ್ಯಾರೆ ದೇಶದಾಗೂ ಕಂಡದ್ದ ಇದು. ಈ ದಪ್ಪನ, ಗಿಡ್ಡ ಕೇಬಲ್ ಹಾಕ್ತೀನಿ, ತುದಿಗೆ ಗುಂಡು ಐತಲ್ಲ, ಅದು ಫೆರೈಟ್, ಇಂಥಾ ಗದ್ದಲ ತಡೀತೈತಿ. ಆದ್ರ ಮೊದಲ ಪ್ಲಗ್ ತೋರಸ್ರಿ. ಅಕ್ಕಾರ, ಇದರ ಮೂರನೇ ಕಾಲು ಎಲ್ಲಿ?

ಅಕ್ಕ: ಸ್ಪೈಕ್ ಬಾಕ್ಸಿನ ಪ್ಲಗ್ ಆ ಸಾಕೆಟ್ಟಿಗೆ ಹೊಂದಲಿಲ್ಲ ಅಂತ ಒಬ್ರು ಕತ್ತರಿಸಿಕೊಟ್ರು.

ತಮ್ಮ: ಆ ಕಾಲು ಅರ್ಥಿಂಗಿಂದು. ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಅಂತಿರಬೇಕಲ್ಲ? ಅದು ನಿಮ್ಮ ಜೀವದ ಪ್ರಶ್ನೆ, ಪರದೆ ಆಮ್ಯಾಲಿನ ಮಾತು. ಇವತ್ತ ಈ ಪ್ಲಗ್ ಬದಲು ಮಾಡ್ತೀನಿ. ಹಿತ್ತಲದಾಗ ಅರ್ಥಿಂಗ್ ತೆಗ್ಗು ಐತಲ್ಲ, ಇದ್ದಲಿ, ಉಪ್ಪು ಹಾಕಿ ಮುಚ್ಚಿದ್ದು, ಅದು ಬ್ಯಾಸಿಗ್ಯಾಗ ಒಣಗಿದ್ರ ಕರೆಂಟ್ ಭೂಮಿಗೆ ಇಳಿಯಾಕ ಒದ್ದಾಡ್ತೈತಿ. ವಾರಕ್ಕ ಎರಡು ಕೊಡ ನೀರು ಹಾಕ್ರಿ. ಲೈನ್ ಕೆಲಸ ಬಲ್ಲವರಿಂದ ಒಂದು ಸಲ ಅಳತಿ ಮಾಡಸ್ರಿ.

ಅಕ್ಕ: ಒಂದು ಪರದೆ ಕಪ್ಪಾಗಿದ್ದಕ್ಕ ಮೆಣಸಿನಕಾಯಿ ಪುಡಿ, ಕುರ್ಚಿ, ಹಿತ್ತಲದ ತೆಗ್ಗು, ಎಲ್ಲಿಂದ ಎಲ್ಲಿಗೆ ಬಂದ್ವಿ. ತಮ್ಮಾ, ಬ್ರ್ಯಾಂಡ್ ಮಷಿನ್ ತಗೊಂಡಿದ್ರ ಇದೆಲ್ಲ ಇರ್ತಿರಲಿಲ್ಲೇನು?

ತಮ್ಮ: ಪುಡಿ ಅದಕ್ಕೂ ಕುಂದರ್ತೈತಿ. ಅದಕ್ಕ ಒಂದು ಕಂಪನಿ, ಒಂದು ಫೋನ್ ನಂಬರ್ ಇರ್ತೈತಿ, ಅಷ್ಟ ಫರಕು. ನಿಮ್ಮದರಾಗ ಬೋರ್ಡ್ ಒಬ್ಬರದು, ಕಾರ್ಡ್ ಒಬ್ಬರದು, ರ್ಯಾಮ್ ಒಬ್ಬರದು, ಪವರ್ ಸಪ್ಲೈ ಮತ್ತೊಬ್ಬರದು. ಡಿಸ್ಪ್ಲೇ ಬರಲಿಲ್ಲ ಅಂದ್ರ ಮಾನಿಟರಿನವರು ಕಾರ್ಡ್ ನೋಡ್ರಿ ಅಂತಾರ, ಕಾರ್ಡಿನವರು ಪವರ್ ನೋಡ್ರಿ ಅಂತಾರ. ಯಾರೂ ಸುಳ್ಳು ಹೇಳಂಗಿಲ್ಲ, ಯಾರಿಗೂ ಪೂರಾ ಮಷಿನ್ ಗೊತ್ತಿಲ್ಲ. ಪೂರಾ ಗೊತ್ತಿರಬೇಕಾದವರು ನೀವ ಒಬ್ರು. ಜೋಡಿಸಿದ ಮಷಿನ್ನಿಗೆ ಕಂಪನಿ ಅಂದ್ರ ಅದರ ಯಜಮಾನರು ಅಕ್ಕಾರ. ಹಂಗಾಗಿ ಅದಕ್ಕೊಂದು ದಫ್ತರ ಬೇಕು.

ಅಕ್ಕ: ಅಂದ್ರ?

ತಮ್ಮ: ಒಂದು ನೋಟ್‌ಬುಕ್. ಮೊದಲ ಪುಟದಾಗ ಪ್ರತಿ ಭಾಗದ ಪೂರಾ ಹೆಸರು, ಕಡೀ ಅಕ್ಷರದ ಸುದ್ದಾ. ತಂದ ದಿನ, ವಾರಂಟಿ ಎಂದಿಗೆ ಮುಗೀತೈತಿ ಅನ್ನೋದು. ಪ್ರತಿ ಭಾಗಕ್ಕೂ ಬ್ಯಾರೆ ಬ್ಯಾರೆ ಇರ್ತೈತಿ. ಬಿಲ್ಲಿನ ಅಕ್ಷರ ಮಾಸ್ತಾವ, ಅದಕ್ಕ ಇವತ್ತ ಝೆರಾಕ್ಸ್ ತಗದು ಅಂಟಿಸ್ರಿ. ಎರಡನೇ ಪುಟದಿಂದ ನಾಲ್ಕು ಮನಿ: ದಿನಾಂಕ, ಕಂಡದ್ದು, ಮಾಡಿದ್ದು, ಆದದ್ದು. ನಾ ಇಲ್ಲದ ದಿನ ಬ್ಯಾರೆ ಯಾರರ ಬಂದ್ರೂ ಆ ನೋಟ್‌ಬುಕ್ ಅವರ ಕೈಗೆ ಕೊಡ್ರಿ.

ಅಕ್ಕ: ನಮ್ಮ ಅಂಗಡ್ಯಾಗ ಎಲ್ಲರ ಲೆಕ್ಕಾ ಬರದೈತಿ, ಇದರದೊಂದು ಇಲ್ಲ. ಕುಂದ್ರು, ಚಾ ತರಸ್ತೀನಿ. ಪುಸ್ತಕದ ಫೈಲ್ ತಗದು ನೋಡಿಬಿಡ್ತೀನಿ. ನೋಡು ತಮ್ಮಾ, ಐತಿ. 'ಮೈಲಾರ ಮಹಾದೇವಪ್ಪ, ಜನನ ಮೋಟೆಬೆನ್ನೂರು, 1911.' ನಮ್ಮೂರ ಹುಡುಗ, 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡದಾಗ ಇಪ್ಪತ್ತೂ ತುಂಬಿರಲಿಲ್ಲ. 1943ರ ಏಪ್ರಿಲ್ 1, ಹೊಸರಿತ್ತಿ ಅನ್ನೋ ಪುಟದ ತನಕ ಬಂದು ನಿನ್ನಿ ಬಂದ್ ಮಾಡಿದ್ದೆ. ಈ ಪುಟ ಇವತ್ತು ಸಂಜಿ ಒಳಗ ಮುಗೀತೈತಿ.

ತಮ್ಮ: ಅದಕ್ಕಿಂತ ಮೊದಲ ಒಂದು ಪ್ರತಿ ಪೆನ್‌ಡ್ರೈವಿನ್ಯಾಗ ಇಡ್ರಿ. ಪರದೆ ಕಪ್ಪಾದ್ರ ಫೈಲ್ ಎಲ್ಲೂ ಹೋಗಂಗಿಲ್ಲ, ಆದ್ರ ಏಪ್ರಿಲ್ 1 ನಮಗಾಗಿ ಕಾಯಂಗಿಲ್ಲ.

ಅಕ್ಕ: ಇಟ್ಟೆ. ಈಗ ನೋಟ್‌ಬುಕ್ಕಿನ ಮೊದಲ ಸಾಲು ನಾ ಬರೀತೀನಿ, ನೀ ಕೇಳು. 'ಕಂಡದ್ದು: ನೋ ಸಿಗ್ನಲ್, ಡಿರ್ಯಾಮ್ ದೀಪ. ಮಾಡಿದ್ದು: ರ್ಯಾಮ್ ತಗದು ಒರಸಿ, ಒಂದೊಂದ ಹಾಕಿದ್ವಿ. ಆದದ್ದು: ಡಿಸ್ಪ್ಲೇ ಬಂತು.' ಸರಿ ಐತೇನು?

ತಮ್ಮ: ಇನ್ನೊಂದು ಕೂಡಸ್ರಿ ಅಕ್ಕಾರ. 'ಕಾರಣ: ಮೆಣಸಿನಕಾಯಿ ಪುಡಿ. ಪ್ರತಿ ವರ್ಷ ಸುಗ್ಗಿ ಮುಗಿದ ಮ್ಯಾಲ ತಗದು ಸ್ವಚ್ಛ ಮಾಡಬೇಕು.'